ಡ್ರೈವರ್‌ಗೆ ಹೇಳುವ ರೀತಿ

ಸದಾಶಿವ ಪೇಠದಿಂದ ರಿಕ್ಷಾದಲ್ಲಿ ಆಫೀಸಿಗೆ ಹೊರಟಿದ್ದೆ. ತಲುಪಿದ ಕೂಡಲೇ ಗ್ರಾಹಕರಿಗೆ ನಮ್ಮ ಪ್ರೋಗ್ರಾಮಿನ ವೇಗ ಅಳೆದು ತೋರಿಸಬೇಕಿತ್ತು. ಅಷ್ಟರಲ್ಲಿ ಸಹೋದ್ಯೋಗಿ ಶ್ರುತಿಯ ಫೋನ್: ಅಳೆಯುವ ಟೂಲ್ ಎರರ್ ಕೊಡುತ್ತಿದೆ. ಪುಣೆಯಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಗಟ್ಟಿಯಾಗಿಯೇ ಹೇಳಿದೆ: "ಈ ಡ್ರೈವರ್‌ಗೆ ಸುಮ್ನೆ ಹೇಳಿದ್ರೆ ತಲೆಗೆ ಹೋಗಲ್ಲ ಕಣೇ."

ರಿಕ್ಷಾ ರಸ್ತೆ ಬದಿಗೆ ನಿಂತಿತು. ರಿಕ್ಷಾದವರು ಹಿಂದಕ್ಕೆ ತಿರುಗಿದರು.

"ಯಾಕ್ರೀ, ನಾ ಏನ್ ಕೇಳಿಲ್ಲ? ಎಡಕ್ಕ ಅಂದ್ರಿ, ಎಡಕ್ಕ ಹೊಳ್ಳಿಸೀನಿ."

ಊರು ಯಾದಗಿರಿಯಂತೆ. ನಾನು ಬೆವರುತ್ತ ವಿವರಿಸಿದೆ: ಈ ಡ್ರೈವರ್ ಕಂಪ್ಯೂಟರಿನೊಳಗಿನ ಒಂದು ಸಾಫ್ಟ್‌ವೇರ್, ಕಮಾಂಡಿನಲ್ಲಿ ಸೆಟ್ಟಿಂಗಿನ ಹೆಸರಿನ ಮುಂದೆ @ ಹಾಕಿದರೆ ಮಾತ್ರ ಟೂಲ್ ಅದನ್ನು ಡ್ರೈವರ್‌ಗೆ ದಾಟಿಸುತ್ತದೆ.

"ಹಂಗೇನು? ನಮಗ ಮುಂದ ಏನೂ ಬ್ಯಾಡ್ರಿ. ಹಿಂದ ಒಂದು 'ರೀ' ಹಚ್ಚಿದ್ರ ಸಾಕು."

"ತಪ್ಪಾಯ್ತು ರೀ. ಸ್ವಲ್ಪ ಬೇಗ ಹೋಗ್ರೀ."

ರಿಕ್ಷಾ ಹೊರಟಿತು. ಫೋನಿನಲ್ಲೇ ಎಲ್ಲ ಕೇಳಿಸಿಕೊಂಡ ಶ್ರುತಿ @ ಹಾಕಿ ನೋಡಿದಳು; ಟೂಲ್ ಕೂಡ ಹೊರಟಿತು. ಗ್ರಾಹಕರ ಮುಂದೆ ಮಾನ ಉಳಿಯಿತು.

ಈಗ ರಿಕ್ಷಾದಲ್ಲಿ ಆಫೀಸಿನ ಫೋನ್ ಬಂದರೆ ಮರಾಠಿಯಲ್ಲೇ ಮಾತಾಡುತ್ತೇನೆ. ನನ್ನ ಮರಾಠಿ ಪುಣೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.