ಡೀಗೊ ಮತ್ತು ಅವರೆಬೇಳೆ ಸಾರು

ಬೆಳಿಗ್ಗೆ ರಸೆಲ್ ಮಾರುಕಟ್ಟೆಯಿಂದ ತಂದ ಅವರೆಕಾಯಿ ಚೀಲ ಬಿಚ್ಚಿದ್ದೇ ತಡ, ಸೊಗಡು ಮನೆಯೆಲ್ಲ ಹರಡಿತು. ಕಾಯಿ ಸುಲಿಯುತ್ತಾ ಕೂತಿದ್ದಾಗ ಫೋನು ಟಿಣ್ ಅಂದಿತು. ನನ್ನ ಡೀಗೊ ಆಟದಿಂದ ನಿವೃತ್ತನಾಗಿದ್ದಾನೆ! ನಗಬೇಡಿ, ಕಾಯಿ ಪಕ್ಕಕ್ಕಿಟ್ಟು ಅವನ ಹೆಸರನ್ನೇ ನೋಡುತ್ತಾ ಕೂತೆ.

ಡೀಗೊ ಯಾರು ಅಂತೀರಾ? ಫೋನಿನೊಳಗಿನ ಬೇಸ್‌ಬಾಲ್ ಆಟಗಾರ. ಜೀವನ್ ಬಿಮಾ ನಗರದಲ್ಲಿ ಕೂತ ನನಗೆ ಬೇಸ್‌ಬಾಲ್ ಯಾಕೆ ಬೇಕಿತ್ತೋ! ಆಫೀಸಿನ ನಯಾಜ್ ಹತ್ತಿಸಿದ ಹುಚ್ಚು. ಈ ಆಟದಲ್ಲಿ ನಾವು ಚೆಂಡು ಹೊಡೆಯುವುದಿಲ್ಲ, ತಂಡ ನಡೆಸುತ್ತೇವೆ. ಯಾರನ್ನು ಆಡಿಸಬೇಕು, ಯಾರನ್ನು ಪಳಗಿಸಬೇಕು ಅನ್ನುವುದೇ ಕೆಲಸ. ಒಬ್ಬೊಬ್ಬರ ಹೆಸರಿನ ಪಕ್ಕ ಎರಡು ಗೆರೆ. ಒಂದು ಈಗಿನ ಆಟ, ಇನ್ನೊಂದು ಮುಂದೆ ಆಗಬಹುದಾದ ಆಟ. ಡೀಗೊನ ಮೊದಲ ಗೆರೆ ಉಗುರಿನಷ್ಟು, ಎರಡನೆಯದು ಪರದೆಯ ಆ ತುದಿಯವರೆಗೆ.

ನನ್ನದು ಕ್ರಿಕೆಟ್ ನೋಡಿ ಬೆಳೆದ ತಲೆ. ಹನ್ನೆರಡನೆಯ ಆಟಗಾರ ದೊಡ್ಡವರಿಗೆ ನೀರು ಕೊಡ್ತಾ ಕೊಡ್ತಾ ಕಲಿಯುತ್ತಾನೆ ಅಂತ ನಂಬಿದವಳು. ಡೀಗೊನನ್ನು ದೊಡ್ಡ ತಂಡಕ್ಕೇ ಸೇರಿಸಿ ಬೆಂಚಿನ ಮೇಲೆ ಕೂರಿಸಿದೆ. ಗೆರೆ ಅಲುಗಲಿಲ್ಲ. ತರಬೇತಿ ಬದಲಿಸಿದೆ, ಕೋಚನ್ನು ಬದಲಿಸಿದೆ. ಊಹೂಂ.

"ಮೇಡಂ, ಕೂತ್ಕೊಂಡು ಯಾರು ಬೆಳೀತಾರೆ? ಕೆಳಗಿನ ತಂಡಕ್ಕೆ ಕಳ್ಸಿ. ದಿನಾ ಆಡ್ಲಿ, ಸೋಲ್ಲಿ" ಅಂದ ನಯಾಜ್. ನನಗೆ ಮನಸ್ಸು ಬರಲಿಲ್ಲ. ಬಂಗಾರದಂಥವನನ್ನು ಸೋಲುವುದಕ್ಕೆ ಕಳಿಸುವುದೇ?

ನಮ್ಮತ್ತೆ ಹಲಸೂರಿನ ಹಳೇ ತೋಟದ ಮನೆಯವರು. ಅವರೆಕಾಯಿ ಕಾಲ ಬಂತೆಂದರೆ ಅಡುಗೆಮನೆಯಲ್ಲಿ ಅವರದೇ ಆಳ್ವಿಕೆ. ಮದುವೆಯಾಗಿ ಬಂದಾಗಿನಿಂದ ನನ್ನ ಕೆಲಸ ಒಂದೇ, ನೆನೆಸಿದ ಕಾಳು ಹಿತುಕುವುದು. ಬೆರಳ ತುದಿ ಸುಕ್ಕುಗಟ್ಟುವ ತನಕ ಸಿಪ್ಪೆ ಬಿಡಿಸಿ ಕೊಟ್ಟರೂ ಸಾರು ಮಾತ್ರ ಅವರದು. ಸೌಟು ಮುಟ್ಟಿದರೆ ಸಾಕು, "ನೀನು ದಾವಣಗೆರೆ ಕಡೆಯೋಳು, ಇದರ ಹದ ನಿಂಗೆ ಗೊತ್ತಾಗಲ್ಲ. ನೋಡ್ಕೊ, ಕಲ್ತ್ಕೊ." ವರ್ಷಗಟ್ಟಲೆ ನೋಡಿಕೊಂಡೇ ಇದ್ದೆ. ನನ್ನ ಮನೆಯಲ್ಲೇ ನಾನು ನೆಂಟಳು ಅನ್ನಿಸುತ್ತಿತ್ತು. ಒಂದೇ ಒಂದು ಸಲ ಆ ಸಾರು ನನ್ನ ಕೈಯಿಂದ ಆಗಬೇಕು ಅನ್ನೋ ಆಸೆ. ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಕಾಳು ಹಿತುಕುತ್ತಿದ್ದೆವು. ಪಕ್ಕದಲ್ಲಿ ನನ್ನ ಫೋನು, ಅದರಲ್ಲಿ ಬೆಂಚಿನ ಮೇಲೆ ಕೂತ ಡೀಗೊ. ಅತ್ತೆ ಬಗ್ಗಿ ನೋಡಿದರು.

"ಇವನ್ಯಾಕೆ ಯಾವಾಗ್ಲೂ ಬೆಂಚಿನ ಮೇಲೆ?"

"ದೊಡ್ಡೋರು ಆಡೋದು ನೋಡಿ ಕಲೀತಾನೆ ಅತ್ತೆ."

"ಅಯ್ಯೋ, ನೋಡಿ ನೋಡಿ ಕಣ್ಣು ಸವೆಯುತ್ತೆ ಅಷ್ಟೆ, ಕೈಗೆ ಬರುತ್ತಾ? ಆಡಕ್ಕೆ ಬಿಡೇ ಅವನ್ನ!"

ನಾನು ಹಿತುಕುವುದು ನಿಲ್ಲಿಸಿ ಅವರ ಮುಖ ನೋಡಿದೆ. ಅತ್ತೆ ಕೈಲಿದ್ದ ಕಾಳನ್ನು ಪಾತ್ರೆಗೆ ಹಾಕಿದರು. ಆಮೇಲೆ ಎದ್ದು ಸೌಟು ತಂದು ನನ್ನ ಮುಂದಿಟ್ಟರು.

"ಇವತ್ತು ನೀನೇ ಮಾಡು. ನಾನು ಹೊರಗಿರ್ತೀನಿ, ಒಳಗಿದ್ರೆ ನನ್ ಬಾಯಿ ಸುಮ್ನಿರಲ್ಲ."

ಸಾರು ತಳ ಹಿಡಿಯಿತು, ಉಪ್ಪು ಮುಂದಾಯಿತು. ಅತ್ತೆ ತಟ್ಟೆ ಖಾಲಿಯಾಗುವವರೆಗೆ ಉಂಡು, "ನಾಳೆನೂ ನೀನೇ ಮಾಡು" ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ. ಬಂದವಳೇ ಡೀಗೊನನ್ನು ಕೆಳಗಿನ ತಂಡಕ್ಕೆ ಕಳಿಸಿದೆ.

ಅಲ್ಲಿ ಅವನು ಸೋತ, ಇಲ್ಲಿ ನಾನು ಸೋತೆ. ಮೆಲ್ಲಗೆ ಅವನ ಗೆರೆ ಬೆಳೆಯಿತು. ಎರಡನೆಯ ಗೆರೆಯನ್ನೇನೂ ಮುಟ್ಟಲಿಲ್ಲ, ಆದರೆ ನಿವೃತ್ತನಾಗುವ ತನಕ ಮರ್ಯಾದೆಯಾಗಿ ಆಡಿದ. ನನ್ನ ಸಾರೂ ಅತ್ತೆಯ ಸಾರಾಗಲಿಲ್ಲ. ಅತ್ತೆ ತೀರಿಕೊಂಡ ಮೇಲೂ ನೆಂಟರು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ, ಅಷ್ಟು ಸಾಕು.

ಇವತ್ತು ಸಂಜೆ ಮಗಳು ಬಂದು, ಬೆಳಿಗ್ಗೆ ಸುಲಿದು ನೆನೆಸಿಟ್ಟ ಕಾಳು ಹಿತುಕಿ ಕೊಟ್ಟಳು. "ಅಮ್ಮಾ, ಇವತ್ತು ಸಾರು ನಾನು ಮಾಡ್ಲಾ?"

"ಇರು, ಮೊದ್ಲು ನೋಡ್ಕೊ..." ಅಂದವಳೇ ನಾಲಿಗೆ ಕಚ್ಚಿಕೊಂಡೆ. ಸೌಟು ಅವಳ ಕೈಗಿಟ್ಟು ಹೊರಗೆ ಬಂದು, ಅತ್ತೆ ಅವತ್ತು ಕೂತಿದ್ದ ಕುರ್ಚಿಯಲ್ಲಿ ಕೂತೆ. ಒಳಗಿಂದ ತಳ ಹಿಡಿಯುವ ವಾಸನೆ ಬರುತ್ತಿದೆ. ಏಳಬಾರದು ಅಂತ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಪಾಪ, ಅತ್ತೆಗೆ ಅವತ್ತು ಎಷ್ಟು ಕಷ್ಟವಾಗಿರಬೇಕು!