ಅವರು ಮಾತಾಡಲ್ಲ

ಚೆನ್ನಾಗಿ ಮಾತು ಬರುವ ಹೆಂಗಸೊಬ್ಬಳನ್ನು ಮಾತು ಬಾರದವಳೆಂದು ತೋರಿಸಿ ನಾನು ಕೌದಿ ಮಾರಿದೆ. ಒಂದು ದಿನವಲ್ಲ — ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ. ಇಷ್ಟನ್ನು ಬರೆದುಬಿಟ್ಟರೆ ಎದೆ ಸ್ವಲ್ಪವಾದರೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಏಕೆಂದರೆ ಇದು ನನ್ನ ತಪ್ಪಿನ ಸಣ್ಣ ಪಾಲು ಮಾತ್ರ. ದೊಡ್ಡದು ಇದರ ಹಿಂದೆ ಇದೆ, ಅದನ್ನು ಹೇಳುವ ಮೊದಲು ಹುಲಿಗೆಮ್ಮ ಯಾರೆಂದು ಹೇಳಬೇಕು.

ಹುಲಿಗೆಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವನು. ದೊಡ್ಡನೆಕ್ಕುಂದಿಯಲ್ಲಿ, ಒಂದು ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡ ಸಾಲುಕೋಣೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ನಾನು ಸಿ.ವಿ. ರಾಮನ್ ನಗರದವಳು. ಸಿದ್ಧ ಉಡುಪು ರಫ್ತು ಮಾಡುವ ಕಂಪನಿಯೊಂದರಲ್ಲಿ ಬಹಳ ವರ್ಷ ದುಡಿದು, ಅದು ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಕೂತಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸುವ ಹೆಂಗಸು ಒಂದು ದಿನ, ಪಕ್ಕದ ಕೋಣೆಯವಳು ಹೊಲಿದದ್ದು ಎಂದು ಕೌದಿಯೊಂದನ್ನು ತಂದು ತೋರಿಸಿದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೂ ಕೈಯಲ್ಲೇ ಹೊಲಿದದ್ದು. ಬಾಲ್ಕನಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ಇದನ್ನು ಮಾರಬಹುದು ಎಂದುಕೊಂಡೆ — ನನಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

ಅವಳನ್ನು ನೋಡಲು ಹೋದೆ. ಅಂಥ ಮಾತುಗಾತಿಯನ್ನು ನಾನು ಕಂಡಿಲ್ಲ. ಹೊಲಿಯುತ್ತಲೇ ಸೂಜಿಯನ್ನು ಬೈಯುತ್ತಿದ್ದಳು, ನಲ್ಲಿಯ ನೀರನ್ನು ಬೈಯುತ್ತಿದ್ದಳು, ನಡುನಡುವೆ ತಾನೇ ನಗುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಕೋಣೆಯ ಹೆಂಗಸರು ಅವಳ ಮಾತು ಕೇಳಲೆಂದೇ ಬಂದು ಕೂತು, ಅವಳಿಂದ ಹೊಲಿಗೆಯನ್ನೂ ಕಲಿತಿದ್ದರು. ಒಂದು ವಿಷಯ ಬಂದಾಗ ಮಾತ್ರ ಅವಳ ದನಿ ಇಳಿಯುತ್ತಿತ್ತು — ತಮ್ಮನದು. ದುರುಗಪ್ಪ ಎಂದು ಹೆಸರು. ಅವ್ವ ಸತ್ತಾಗ ಅವನು ಎಲ್ಲೋ ದೂರದ ಊರಲ್ಲಿ ಕೆಲಸದ ಮೇಲಿದ್ದ. ಮಣ್ಣಾದ ಮೇಲೆ ಬಂದ. ಬಾಗಿಲಲ್ಲಿ ನಿಂತವನಿಗೆ, ಇನ್ನು ಮೇಲೆ ನನ್ನ ಜೊತೆ ಮಾತಾಡಬೇಡ ಎಂದು ಇವಳು ಹೇಳಿದಳಂತೆ. ಅವನು ಚೀಲ ಇಳಿಸದೆ ಹಾಗೆಯೇ ತಿರುಗಿ ಹೋದ. ಸುದ್ದಿಯೇ ಅವನಿಗೆ ತಡವಾಗಿ ಮುಟ್ಟಿತ್ತೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವನ ಫೋನ್ ಸತ್ತುಹೋಗಿತ್ತು. ಬೆಂಗಳೂರಿನ ಕಡೆಗೆ ಹೋಗಿದ್ದಾನೆಂದು ಯಾರೋ ಹೇಳಿದ್ದರು. ಇವಳು ಗಂಡನ ಹಿಂದೆ ಈ ಊರಿಗೆ ಬಂದದ್ದರಲ್ಲಿ ಅರ್ಧ ಆಸೆ ಅದೇ.

ಇದನ್ನೆಲ್ಲ ಅವಳು ನನಗೆ ಹೇಳಿದ್ದಳು. ಅವನ ಫೋಟೋ ತೋರಿಸಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಕೌದಿಗಳು ಮಾರಾಟವಾಗಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಹೊತ್ತುಕೊಂಡು ಹೋದೆ. ಮೆಷಿನ್ನಿನದು ಇದಕ್ಕಿಂತ ಅಗ್ಗಕ್ಕೆ ಬರುತ್ತದೆ ಮೇಡಂ ಎಂದರು. ಇಂದಿರಾನಗರದ ಬೊಟಿಕ್ ಒಂದರಲ್ಲಿ ಮಾರಿದರೆ ಮಾತ್ರ ದುಡ್ಡು ಎಂಬ ಕರಾರಿನ ಮೇಲೆ ಇಟ್ಟುಬಂದೆ. ತಿಂಗಳುಗಳಾದ ಮೇಲೆ ಧೂಳು ಹಿಡಿದು ವಾಪಸು ಬಂದವು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕಿದೆ, ಎಲ್ಲರೂ ಹೃದಯ ಒತ್ತಿದರು, ಒಬ್ಬರೂ ಕೊಳ್ಳಲಿಲ್ಲ. ಬೆನ್ಸನ್ ಟೌನಿನ ಗೆಳತಿಯ ಮನೆಯಲ್ಲಿ ಹಾಸಿ ತೋರಿಸಿದಾಗ ಅವಳ ನೆಂಟರೊಬ್ಬರು, ಯಾರು ಉಟ್ಟ ಸೀರೆಯೋ ಏನೋ ಎಂದು ಬೆರಳ ತುದಿಯಿಂದ ಮುಟ್ಟಿ ಕೈ ಒರೆಸಿಕೊಂಡರು. ಅಷ್ಟು ಹೊತ್ತಿಗೆ ಆ ನಾಲ್ಕು ಕೋಣೆಯ ಹೆಂಗಸರೂ ನನ್ನ ಮಾತು ನಂಬಿ ಹೊಲಿಯತೊಡಗಿದ್ದರು.

ಕೊನೆಗೆ ಇಂದಿರಾನಗರದ ಒಂದು ಮೈದಾನದಲ್ಲಿ ವಾರದ ಕೊನೆಗೆ ನಡೆಯುವ ಕರಕುಶಲ ಸಂತೆಯಲ್ಲಿ ಮೇಜು ಹಿಡಿದೆ. ಹೊಲಿಯುವವಳು ಎದುರಿಗಿದ್ದರೆ ಜನ ನಿಲ್ಲುತ್ತಾರೆ ಎಂದು ಹುಲಿಗೆಮ್ಮನನ್ನೂ ಕರೆದೊಯ್ದೆ. ಮೊದಲ ದಿನವೇ ಒಬ್ಬರು ಅವಳ ಮುಂದೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇವಳು ಸುಮ್ಮನೆ ನಕ್ಕಳು. ಅವರು ಕನ್ನಡದವರೇ ಇರಬಹುದೆಂದು ನಾನು, "ಅವರು ಮಾತಾಡಲ್ಲ" ಎಂದೆ. ಇಂಗ್ಲಿಷ್ ಮಾತಾಡಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು — ಆ ಕ್ಷಣಕ್ಕೆ ಅದು ನಿಜ. ಆದರೆ ಅವರ ಮುಖ ಬದಲಾಯಿತು. ಕಣ್ಣು ಮೆತ್ತಗಾದವು. ಹುಟ್ಟಿನಿಂದಲೇ ಹೀಗಾ ಎಂದು ಮೆಲ್ಲಗೆ ಕೇಳಿದರು. ನಾನು ತಿದ್ದಬೇಕಿತ್ತು. ತಿದ್ದಲು ಬಾಯಿ ತೆರೆದೆ ಕೂಡ — ಅವರಾಗಲೇ ಪರ್ಸಿನಲ್ಲಿ ಕೈ ಹಾಕಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ನಾವು ಮಾರಿದ ಮೊದಲ ಕೌದಿ ಅದು.

ಮುಂದಿನ ವಾರ ಮೇಜಿನ ಮೇಲೆ ಒಂದು ಬೋರ್ಡು ನಿಲ್ಲಿಸಿದೆ: ಮಾತಿಲ್ಲದ ಕೈಗಳ ಕೌದಿ. ಹುಲಿಗೆಮ್ಮನಿಗೆ ಹೇಳಿದಾಗ ಅವಳು ನಕ್ಕುಬಿಟ್ಟಳು. "ಬಾಯಿ ಮುಚ್ಕೊಂಡ್ ಕುಂತ್ರ ಕೌದಿ ಹೋಗ್ತಾವಂದ್ರ ಕುಂದರ್ತೀನಿ ಬಿಡ್ರಿ ಅಕ್ಕಾರ" ಎಂದಳು. ಅವಳು ಒಪ್ಪಿದ್ದಳು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅವಳು ಬೇಡ ಎಂದಿದ್ದರೆ ಆ ನಾಲ್ವರು ಹೆಂಗಸರಿಗೆ ಏನು ಹೇಳಬೇಕಿತ್ತು ಎಂಬುದನ್ನು ಯೋಚಿಸಲೇ ಇಲ್ಲ.

ಕೌದಿಗಳು ಹೋಗತೊಡಗಿದವು. ಅವಳು ದಿನವಿಡೀ ಬಾಯಿ ಬಿಗಿದು ಕೂರುತ್ತಿದ್ದಳು, ನೀರು ಬೇಕಾದರೆ ಸನ್ನೆ ಮಾಡುತ್ತಿದ್ದಳು, ಸಂಜೆ ಆಟೋ ಹತ್ತಿದ ಕೂಡಲೇ ದೊಡ್ಡನೆಕ್ಕುಂದಿ ಮುಟ್ಟುವವರೆಗೆ ಬಿಡದೆ ಮಾತಾಡುತ್ತಿದ್ದಳು. ಒಮ್ಮೆ ನಿಜಕ್ಕೂ ಕಿವಿ ಕೇಳದ, ಮಾತು ಬಾರದ ಯುವತಿಯೊಬ್ಬಳು ಬಂದಳು. ಬೋರ್ಡು ಓದಿ, ಮುಖವರಳಿಸಿ, ಹುಲಿಗೆಮ್ಮನ ಎದುರು ಕೂತು ಕೈಭಾಷೆಯಲ್ಲಿ ಏನೇನೋ ಹೇಳಿದಳು. ಹುಲಿಗೆಮ್ಮ ನನ್ನ ಕಡೆ ನೋಡಿ, ಗಾಬರಿಯಿಂದ ಕೈಯನ್ನು ಹೇಗೆಹೇಗೋ ಆಡಿಸಿದಳು. ಆ ಯುವತಿ ಬೋರ್ಡನ್ನು ಇನ್ನೊಮ್ಮೆ ನೋಡಿ, ಎದ್ದು ಹೋದಳು. ಆ ಸಂಜೆ ಆಟೋದಲ್ಲಿ ಹುಲಿಗೆಮ್ಮ ಮಾತೇ ಆಡಲಿಲ್ಲ. ಇಳಿಯುವಾಗ, ಇದು ಬೇಡ ಅಕ್ಕಾರ, ಪಾಪ ಸುತ್ತಿಕೊಳ್ಳುತ್ತದೆ ಎಂದಳು. ಇನ್ನೊಂದು ತಿಂಗಳು ನೋಡೋಣ ಎಂದೆ ನಾನು.

ಆ ತಿಂಗಳೊಳಗೇ ಅದು ಆಯಿತು.

ಒಂದು ಭಾನುವಾರ ಮಧ್ಯಾಹ್ನ. ರೆಸಾರ್ಟ್ ಒಂದರ ಪರವಾಗಿ ಒಬ್ಬ ಹೆಂಗಸು ಬಂದಿದ್ದರು. ಅವರ ಎಲ್ಲ ಕೋಣೆಗಳಿಗೂ ಕೌದಿ ಬೇಕು, ಪ್ರತಿ ಮಂಚದ ಮೇಲೂ ಹೊಲಿದವರ ಕಥೆಯ ಒಂದು ಚೀಟಿ ಇಡುತ್ತೇವೆ ಎನ್ನುತ್ತಿದ್ದರು. ನಾನು ಮೈಯೆಲ್ಲ ಕಿವಿಯಾಗಿ ನಿಂತಿದ್ದೆ. ಅವರ ಹಿಂದೆ ಶಾಮಿಯಾನದ ಗಳ ಹೊತ್ತು ಹೋಗುತ್ತಿದ್ದ ಕೂಲಿಗಳಲ್ಲಿ ಒಬ್ಬ ನಿಂತ. ಗಳ ಕೆಳಗಿಟ್ಟ. ಹತ್ತಿರ ಬಂದು, "ಅಕ್ಕಾ" ಎಂದ.

ಹುಲಿಗೆಮ್ಮ ತಲೆಯೆತ್ತಿದಳು. ಅವಳ ಬಾಯಿ ತೆರೆಯಿತು — ಅದನ್ನು ನಾನು ನೋಡಿದೆ. ಅವನ ಹೆಸರು ತುಟಿಯವರೆಗೆ ಬಂದಿತ್ತು. ಆದರೆ ಹೇಳುವ ಮೊದಲು ಅವಳು ನನ್ನ ಕಡೆ ನೋಡಿದಳು. ಕೇಳುವ ಹಾಗೆ. ಮಾತಾಡಲೇ ಎಂದು.

ಒಡಹುಟ್ಟಿದ ತಮ್ಮನನ್ನು ಮಾತಾಡಿಸಲು ಅವಳು ನನ್ನ ಅಪ್ಪಣೆ ಕೇಳುವಂತೆ ನಾನು ಮಾಡಿಟ್ಟಿದ್ದೆ.

ನಾನು ತಲೆಯಲ್ಲಾಡಿಸಿದೆ. ಬೇಡ ಎಂದು, ತುಸುವೇ. ಎರಡು ನಿಮಿಷ ತಡೆ ಎಂಬ ಅರ್ಥದಲ್ಲಿ ಎಂದು ಆಮೇಲೆ ಅವಳಿಗೆ ಹೇಳಿದೆ — ಇರಬಹುದು. ಅವಳು ತಲೆ ತಗ್ಗಿಸಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. ಅವನು ಇನ್ನೊಮ್ಮೆ ಕರೆದ. ಹಿಂದಿನಿಂದ ಯಾರೋ ಅವನನ್ನು ಗದರಿದರು. ಗಳ ಎತ್ತಿಕೊಂಡು ಹೋದ.

ರೆಸಾರ್ಟಿನವರು ಮುಂಗಡ ಕೊಟ್ಟು ಪಕ್ಕದ ಸಾಲಿಗೆ ತಿರುಗಿದ್ದೇ ತಡ, ಹುಲಿಗೆಮ್ಮ ಎದ್ದು ಓಡಿದಳು. ಮಡಿಲಲ್ಲಿದ್ದ ಬಟ್ಟೆ, ದಾರ ಎಲ್ಲ ನೆಲಕ್ಕೆ ಬಿದ್ದವು. ಗೇಟಿನಾಚೆ ನೂರಡಿ ರಸ್ತೆಯ ಕಡೆಗೆ ಹೋದದ್ದು ಕಾಣಿಸಿತು.

ಅವಳು ಹೋದ ಸ್ವಲ್ಪ ಹೊತ್ತಿಗೆ ಅವನು ವಾಪಸು ಬಂದ.

ಇದನ್ನೇ ನಾನು ಇಷ್ಟು ವರ್ಷ ಮುಚ್ಚಿಟ್ಟದ್ದು. ಅವನು ಬೇರೆ ಕಡೆಯಿಂದ, ಮೈದಾನದ ಒಳಗಿನಿಂದಲೇ ಬಂದ. ಖಾಲಿ ಕುರ್ಚಿ ನೋಡಿದ. ಎದುರಿಗೆ ಹಾಸಿದ್ದ ಕೌದಿಯ ನಡುವಿನ ಕೆಂಪು ತುಂಡಿನ ಮೇಲೆ ಅಂಗೈಯಿಟ್ಟು, "ಇದು ನಮ್ಮವ್ವನ ಸೀರಿ" ಎಂದ. ಆಮೇಲೆ ಕೇಳಿದ, "ಆಕಿ ಇನ್ನಾ ನನ್ ಕೂಡ ಮಾತಾಡಂಗಿಲ್ಲೇನ್ರಿ?"

ಅವಳು ನಿನ್ನನ್ನೇ ಹುಡುಕಿಕೊಂಡು ಹೋಗಿದ್ದಾಳೆ, ಕೂತಿರು ಎನ್ನಲು ಎಷ್ಟು ಉಸಿರು ಬೇಕಿತ್ತು? ಆದರೆ ರೆಸಾರ್ಟಿನ ಹೆಂಗಸು ಪಕ್ಕದ ಮಳಿಗೆಯಲ್ಲೇ ಮಣ್ಣಿನ ಬಟ್ಟಲು ನೋಡುತ್ತಿದ್ದರು. ಅಕ್ಕ ತಮ್ಮ ಎದುರುಬದುರಾಗಿ ಅತ್ತರೆ, ಮಾತಾಡಿದರೆ, ಕೌದಿ, ಕಥೆ, ಚೀಟಿ — ಎಲ್ಲ ಅಲ್ಲೇ ಮುಗಿಯುತ್ತಿತ್ತು. ಅವರು ನಮ್ಮತ್ತ ತಿರುಗಿದ ಹಾಗೆ ಅನಿಸಿತು.

"ಅವರು ಮಾತಾಡಲ್ಲ" ಎಂದೆ.

ಅವನು ಸರಿ ಎನ್ನುವಂತೆ ತಲೆಯಾಡಿಸಿದ. ಹೊರಟುಹೋದ.

ಹುಲಿಗೆಮ್ಮ ಬೆವರುತ್ತ ಬಂದು, ಅವನೇನಾದರೂ ಈ ಕಡೆ ಬಂದನಾ ಎಂದು ಸನ್ನೆಯಲ್ಲಿ ಕೇಳಿದಳು — ಸನ್ನೆಯಲ್ಲೇ, ಆಗಲೂ. ಇಲ್ಲ ಎಂದೆ.

ಶಾಮಿಯಾನದ ಗುತ್ತಿಗೆದಾರನನ್ನು ಶಿವಾಜಿನಗರದಲ್ಲಿ ಹುಡುಕಿ ಹಿಡಿದೆವು. ಕೆ.ಆರ್. ಪುರದ ಸೇತುವೆಯ ಬಳಿ ಬೆಳಿಗ್ಗೆ ನಿಂತಿರುವವರನ್ನು ಗಾಡಿಗೆ ಹತ್ತಿಸಿಕೊಂಡು ಬರುತ್ತೇವೆ, ಹೆಸರು ಯಾರು ಕೇಳುತ್ತಾರೆ ಎಂದ. ಹುಲಿಗೆಮ್ಮ ಎಷ್ಟೋ ಮುಂಜಾನೆ ಆ ಕೂಲಿಗಳ ನಡುವೆ ಹೋಗಿ ನಿಂತಳು. ಒಂದೆರಡು ಸಲ ನಾನೂ ಜೊತೆಗೆ ಹೋದೆ. ಅವನ ಫೋಟೋ ಹಿಡಿದು, ಇವನನ್ನು ನೋಡಿದ್ದೀರಾ ಎಂದು ನಾನೇ ಎಲ್ಲರನ್ನೂ ಕೇಳಿದೆ. ನನ್ನ ದನಿಯಲ್ಲಿ ಕಳವಳವಿತ್ತು. ಅದು ನಾಟಕವೂ ಅಲ್ಲ — ಅದೇ ನನಗೆ ಹೆಚ್ಚು ಹೇಸಿಗೆ.

ಆಮೇಲೆ ಊರಿನಿಂದ ಸುದ್ದಿ ಬಂತು. ದುರುಗಪ್ಪ ಯಾರದೋ ಫೋನಿನಿಂದ ಸೋದರಮಾವನಿಗೆ ಕರೆ ಮಾಡಿದ್ದನಂತೆ. ಬೆಂಗಳೂರಿನಲ್ಲಿ ಅಕ್ಕನನ್ನು ಕಂಡೆ, ಅವಳ ಸಿಟ್ಟು ಇಳಿದಿಲ್ಲ, ಇನ್ನು ನಾನು ಆ ಕಡೆ ಬರುವುದಿಲ್ಲ ಎಂದನಂತೆ. ಆ ನಂಬರಿಗೆ ತಿರುಗಿ ಮಾಡಿದರೆ ಯಾವುದೋ ಕಟ್ಟಡದ ಕಾವಲುಗಾರ ಎತ್ತಿದ. ಆ ಹುಡುಗರು ಕೆಲಸ ಮುಗಿಸಿ ಹೋದರು, ಎಲ್ಲಿಗೋ ತಿಳಿಯದು ಎಂದ. ತಾನು ತಲೆ ತಗ್ಗಿಸಿದ್ದಕ್ಕೇ ಅವನು ಹೋದ ಎಂದು ಹುಲಿಗೆಮ್ಮ ನಂಬಿದಳು. ಎಲ್ಲರ ಎದುರೂ ಹಾಗೆಯೇ ಹೇಳಿಕೊಂಡು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಆ ಭಾರವನ್ನು ಅವಳೇ ಹೊರಲಿ ಎಂದು ನಾನು ಬಿಟ್ಟುಬಿಟ್ಟೆ.

ರೆಸಾರ್ಟಿನವರು ಮೊದಲ ಕಂತಿನ ಕೌದಿಗಳನ್ನು ತೆಗೆದುಕೊಂಡರು. ತೊಳೆದಾಗ ಬಣ್ಣ ಬಿಟ್ಟಿತೆಂದು ಹೇಳಿ, ಅದೇ ಮಾದರಿಯನ್ನು ಬೇರೆಲ್ಲೋ ಮೆಷಿನ್ನಿನಲ್ಲಿ ಮಾಡಿಸಿಕೊಂಡರು. ನಾನು ಸಂತೆಗೆ ಹೋಗುವುದನ್ನು ಬಿಟ್ಟೆ. ಆ ನಾಲ್ವರು ಹೆಂಗಸರಲ್ಲಿ ಇಬ್ಬರು ಊರಿಗೆ ಹೋದರು. ಹುಲಿಗೆಮ್ಮ ಒಂದು ಐಟಿ ಕಂಪನಿಯ ಆವರಣದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಯಾವುದಕ್ಕಾಗಿ ಅವನನ್ನು ಕಳಿಸಿಬಿಟ್ಟೆನೋ ಅದೂ ಉಳಿಯಲಿಲ್ಲ. ಉಳಿದಿದ್ದರೆ ಸರಿಯಾಗುತ್ತಿತ್ತೇ — ಈ ಪ್ರಶ್ನೆ ಕೇಳಿಕೊಳ್ಳುವುದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ.

ಮೂರು ವರ್ಷ ಕಳೆದ ಮೇಲೆ, ಹೋದ ತಿಂಗಳು ಹೋಗಿ ಹೇಳಿದೆ. ಅವಳು ಕೋಣೆಯ ಹೊಸಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನನಗೆ ಚಹಾ ಇಡಲು ಎದ್ದಳು, ಬೇಡ ಎಂದು ಕೂರಿಸಿದೆ. ಅವನು ಬಂದದ್ದು, ಕೌದಿಯ ಮೇಲೆ ಕೈಯಿಟ್ಟದ್ದು, ಕೇಳಿದ ಮಾತು, ನಾನು ಹೇಳಿದ ಮಾತು — ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಬೈಗುಳದಲ್ಲಿ ಅವಳನ್ನು ಮೀರಿಸುವವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಅವಳು ಬೈಯಲಿಲ್ಲ. ಅವನು ಆಡಿದ ಮಾತನ್ನು ಅವನು ಆಡಿದ ಹಾಗೆಯೇ ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು.

"ಯಾ ಕಡಿಗ್ ಹೋದ್ನ್ರಿ ಅವ?" ಎಂದಳು.

ಈಗ ಎದ್ದು ಹೊರಟರೆ ಸಿಗುತ್ತಾನೆ ಎಂಬಂತೆ ನನ್ನ ಮುಖ ನೋಡುತ್ತಿದ್ದಳು.

ಗೊತ್ತಿಲ್ಲ ಎಂದೆ. ಇದೊಂದು ಸುಳ್ಳಲ್ಲ. ಅವನು ಬೆನ್ನು ತಿರುಗಿಸಿದಾಗ ನಾನು ನೋಡುತ್ತಿರಲಿಲ್ಲ. ಅವನು ಕೈಯಿಟ್ಟಿದ್ದ ಕಡೆ ಬಟ್ಟೆ ಸುಕ್ಕಾಗಿತ್ತು — ರೆಸಾರ್ಟಿನವರು ಮತ್ತೆ ಬಂದಾರೆಂದು, ಅದನ್ನು ಸವರಿ ಸರಿ ಮಾಡುತ್ತಿದ್ದೆ.