ಬಾಳೆನಾರಿನಲ್ಲಿ ಕಟ್ಟಿದ ಇಂಗ್ಲಿಷ್

1979ರ ಏಪ್ರಿಲ್ ತಿಂಗಳ ಒಂದು ಬುಧವಾರ, ಬೆಳಗಿನ ಐದು ಗಂಟೆ. ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ಅವ್ವ, ವೈನಿ, ನಾನು. ಹಿಂದಿನ ದಿನ ಹಿರೇಕೆರೂರಿಗೆ ವೀಳ್ಯದೆಲೆ ಒಯ್ದಿದ್ದ ಅಣ್ಣ ಇನ್ನೂ ಮರಳಿರಲಿಲ್ಲ. ಅವನ ಹೆಂಡತಿ, ಅಂದರೆ ವೈನಿಯನ್ನು, ಏಳರ ಬಸ್ಸಿಗೆ ಹಾನಗಲ್ಲಿಗೆ ಕರೆದೊಯ್ದು, ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪರೀಕ್ಷೆಗೆ ಕೂರಿಸುವುದು ಆ ದಿನದ ನನ್ನ ಕೆಲಸ.

ವೈನಿ ಮಾಸೂರಿನವಳು. ಮದುವೆಗೆ ಮುಂಚೆ ಎರಡು ಸಲ ಇಂಗ್ಲಿಷಿನಲ್ಲಿ ಮಾತ್ರ ನಪಾಸಾಗಿದ್ದಳು. ದಾದಿಯ ತರಬೇತಿಗೆ ಸೇರಬೇಕೆಂಬ ಅವಳ ಆಸೆಗೆ ಆ ಒಂದು ವಿಷಯ ಅಡ್ಡ ನಿಂತಿತ್ತು. ಅವ್ವ ಒಪ್ಪಿದ್ದು ಒಂದೇ ಕರಾರಿನ ಮೇಲೆ: "ಇದೊಂದು ಸಲ. ಆಮ್ಯಾಲೆ ಪುಸ್ತಕ ಅಟ್ಟಕ್ಕ ಹೋಗಬೇಕು."

ನಾನು ಆಗ ಹಾಸ್ಟೆಲ್ಲಿನ ಗಂಟೆಗೆ ಏಳುತ್ತ, ಗಂಟೆಗೆ ಉಣ್ಣುತ್ತ ಬಿ.ಎ. ಓದುತ್ತಿದ್ದೆ. ರಜೆಗೆ ಬಂದವಳೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಅಕ್ಷರಮಾಲೆಯ ಕ್ರಮದಲ್ಲಿ ದಿನಕ್ಕೆ ಹತ್ತು ಪದ. ನಾಲ್ಕನೆಯ ದಿನಕ್ಕೆ ಮೊದಲ ದಿನದ್ದು ಅವಳಿಗೆ ಮರೆತಿತ್ತು. ನಾನು ಗದರಿದೆ. ಅವಳು ಎದ್ದು ಹೋಗಿ ಎಲೆ ಕಟ್ಟುತ್ತ ಕುಳಿತಳು.

ನಮ್ಮದು ವೀಳ್ಯದೆಲೆಯ ಮನೆ. ತೋಟದಿಂದ ಬಂದ ಎಲೆಯಲ್ಲಿ ಒಂದೇ ತರದ್ದನ್ನು ಆರಿಸಿ, ಪೇರಿಸಿ, ಬಾಳೆನಾರಿನಿಂದ ಕಟ್ಟುತ್ತೇವೆ. ಅಂದು ವೈನಿ ಪದಗಳನ್ನೂ ಹಾಗೆಯೇ ಕಟ್ಟಿದಳು. ಹಳೆಯ ನೋಟುಬುಕ್ಕಿನ ಹಾಳೆಯನ್ನು ಎಲೆಯಳತೆಗೆ ಕತ್ತರಿಸಿ, ಶಾಯಿಯಲ್ಲಿ ಮೇಲೊಂದು ಪದ, ಹಿಂದೆ ಅದರ ಅರ್ಥ. ಕೊನೆಗೆ ಜಿ-ಎಚ್-ಟಿ ಬರುವವೆಲ್ಲ ಒಂದು ಕಟ್ಟು: ಲೈಟ್ ಬೆಳಕು, ವೇಟ್ ತೂಕ, ಸ್ಟ್ರೇಟ್ ನೆಟ್ಟಗೆ. ಮೊದಲಿಗೆ ಕೆ-ಎನ್ ಇದ್ದವು ಇನ್ನೊಂದು: ನೀ ಮೊಣಕಾಲು, ನಾಟ್ ಗಂಟು, ನೈಫ್ ಚಾಕು. ಓ-ಯು-ಜಿ-ಎಚ್ ಸೇರಿದವು ಮತ್ತೊಂದು: ಕಫ್ ಕೆಮ್ಮು, ರಫ್ ಒರಟು, ಇನಫ್ ಸಾಕು. ಹೀಗೆ ಏಳು ಕಟ್ಟು.

"ನೈಫ್‌ನ್ಯಾಗ ಆ ಕೆ ಯಾಕ ಬೇಕಾಗಿತ್ತು ತಂಗಿ? ಅದನ್ನ ಯಾರೂ ಅನ್ನೂದ ಇಲ್ಲ" ಎಂದು ವೈನಿ ಕೇಳಿದಳು. ಓದು ಬಾರದ ಅವ್ವ ಎಲೆಯ ಮೇಲಿಂದ ತಲೆ ಎತ್ತದೆ ಹೇಳಿದಳು: "ಎಲಿಗೆ ತೊಟ್ಟು ಇರೂದಿಲ್ಲೇನು? ತಿನ್ನೂಮುಂದ ಚಿವುಟಿ ಒಗೀತೀವಿ. ಹಂಗಂತ ತೊಟ್ಟಿಲ್ಲದ್ದು ಸಂತ್ಯಾಗ ಮಾರಿ ನೋಡು."

"ಅತ್ತೀರ, ನೀವಽ ಕಟ್ರಿ ಪರೀಕ್ಷಾ" ಎಂದು ವೈನಿ ನಕ್ಕಳು.

ಪರೀಕ್ಷೆಯ ಹಿಂದಿನ ದಿನ ಅವಳು ಏಳೂ ಕಟ್ಟುಗಳನ್ನು ಬಾಳೆಲೆಯಲ್ಲಿ ಸುತ್ತಿ, ಮುಂಜಾನೆ ಮರೆಯದಿರಲೆಂದು ಎಲೆಕಟ್ಟುಗಳ ಸಾಲಿನ ತುದಿಗೆ ಇಟ್ಟಿದ್ದಳು.

ಬುಧವಾರ ಬೆಳಿಗ್ಗೆ ಅದನ್ನು ಬಿಚ್ಚಿದಾಗ ಅವಳ ಬೆರಳು ನೀಲಿಯಾಯಿತು. ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಶಾಯಿ ಕರಗಿ ಬಾಳೆಲೆಯ ಗೆರೆಗುಂಟ ಹರಿದಿತ್ತು. ಬಸ್ಸಿನಲ್ಲಿ ಎರಡು ತಾಸು ತಿರುವಿ ಹಾಕಬೇಕೆಂದಿದ್ದ ಪದಗಳಲ್ಲಿ ಒಂದೂ ಓದುವಂತಿರಲಿಲ್ಲ.

"ಇದಕ್ಕ ಯಾರ ನೀರ ಹೊಡದ್ರು?" ಎಂದಳು ಅವ್ವ.

ನಾನೇ. ಎಲೆ ಬಾಡದಿರಲೆಂದು ದಿನಾ ಸಂಜೆ ಆರಕ್ಕೆ ಕಟ್ಟುಗಳಿಗೆ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸುವುದು ನನ್ನ ಪಾಲಿನ ಕೆಲಸ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ, ನೋಡದೆ ಮಾಡಿ ಮುಗಿಸುತ್ತಿದ್ದೆ. ನಿಗದಿತ ಹೊತ್ತಿಗೆ ಮುಗಿಸಿದ ಹೆಮ್ಮೆ ಬೇರೆ.

"ಬಸ್ಸಿಗೆ ಹೊತ್ತಾತು" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದೆ.

ಬಸ್ಸಿನಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಪೆನ್ನು, ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ಮತ್ತೆ ಬರೆಯಲು ಹೊರಟೆ. ಅಕ್ಷರಮಾಲೆಯ ಕ್ರಮದಲ್ಲಿ ಸಿಯವರೆಗೆ ಬಂದು ನಿಂತೆ. ಶಿಗ್ಗಾವಿ ನಿಲ್ದಾಣದಲ್ಲಿ ಇಳಿದು ಹತ್ತಿದೆ, ಗಡಿಯಾರ ನೋಡಿದೆ, ಮತ್ತೆ ನೋಡಿದೆ. "ವೈನಿ, ಕೆ-ಎನ್‌ದು ಎಷ್ಟಿದ್ವು ಹೇಳ್ರಿ. ವೈನಿ, ಸ್ಟ್ರೇಟ್ ಅಂದ್ರ ಏನ್ರಿ?"

"ಸುಮ್ಮ ಕುಂದರತೀಯೇನು ಸ್ವಲ್ಪ?" ಎಂದಳು ವೈನಿ. "ನಾ ಕಟ್ಟು ಬಿಚ್ಚಾಕತ್ತೇನಿ."

ಅವಳ ಕಣ್ಣು ಮುಚ್ಚಿತ್ತು. ಮಡಿಲಲ್ಲಿ ಏನೂ ಇಲ್ಲದಿದ್ದರೂ ಹೆಬ್ಬೆರಳು ಒಂದೊಂದೇ ಎಲೆ ಸರಿಸುತ್ತಿತ್ತು. ತುಟಿ ಅಲುಗುತ್ತಿತ್ತು. ಒಂದು ಕಟ್ಟು ಮುಗಿದಾಗ ಅಂಗೈಯಿಂದ ಪಕ್ಕಕ್ಕೆ ಸರಿಸಿದಂತೆ ಮಾಡಿ ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಹಾನಗಲ್ಲು ಬಂದಾಗ ಆರನೆಯದರಲ್ಲಿದ್ದಳು. ಬಸ್ಸು ನಿಂತರೂ ಅದನ್ನು ಮುಗಿಸಿಯೇ ಎದ್ದಳು.

ಹತ್ತೂವರೆಯಿಂದ ಶಾಲೆಯ ಹೊರಗೆ ಬೇವಿನ ಮರಕ್ಕೂ ನೀರಿನ ನಲ್ಲಿಗೂ ನಡುವೆ ಓಡಾಡಿದೆ. ಹೇಳಬೇಕಾದ ಮಾತು ಬಾಯಿಗೆ ಬರುತ್ತಿತ್ತು, ಹೋಗುತ್ತಿತ್ತು. ಪರೀಕ್ಷೆ ಕೆಟ್ಟರೆ ಹೇಳುವುದೋ, ಚೆನ್ನಾಗಾದರೆ ಹೇಳುವುದೋ ಎಂದು ಲೆಕ್ಕ ಹಾಕುತ್ತಿದ್ದೆ. ಎರಡೂ ಸರಿ ಅನ್ನಿಸಲಿಲ್ಲ.

ವೈನಿ ಹೊರಗೆ ಬಂದವಳು ಮೊದಲು ನೀರು ಕುಡಿದಳು. "ಐದು ಪದ ಕೊಟ್ಟು ವಾಕ್ಯ ಬರೀರಿ ಅಂದಿದ್ರು. ನಾಕು ನಮ್ಮ ಕಟ್ಟಿನವು. ವೇಟ್‌ಗೆ, ಬುಟ್ಟಿ ತೂಕ ಅತ್ತಿಯವರು ನೋಡ್ತಾರ ಅಂತ ಬರದೆ."

"ಐದನೇದು?"

"ಅದನ್ನ ನೀ ಕಲಿಸಿರಲಿಲ್ಲ ಬಿಡು."

ಜೂನಿನಲ್ಲಿ ಫಲಿತಾಂಶ ಬಂತು. ಬೇಕಾದದ್ದಕ್ಕಿಂತ ನಾಲ್ಕು ಅಂಕ ಹೆಚ್ಚು ಪಡೆದು ಅವಳು ಪಾಸಾಗಿದ್ದಳು. ಆದರೆ ಆ ಬುಧವಾರ ನಮಗೆ ಅದು ಗೊತ್ತಿರಲಿಲ್ಲ. ಮರಳುವ ದಾರಿಯುದ್ದಕ್ಕೂ ಅವಳು ನಿದ್ದೆ ಮಾಡಿದಳು, ನಾನು ಕಿಟಕಿಯ ಸರಳು ಎಣಿಸಿದೆ.

ಮನೆ ಸೇರಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಅವ್ವ ಹಿತ್ತಲಲ್ಲಿದ್ದಳು. ನಾನು ನೀರಿನ ತಂಬಿಗೆ ಹಿಡಿದು ಎಲೆಯ ಸಾಲಿನ ಮುಂದೆ ನಿಂತೆ.

"ವೈನಿ, ನಿನ್ನೆ ನಿಮ್ಮ ಕಟ್ಟಿಗೆ ನೀರು ಹೊಡದಾಕಿ ನಾನರಿ."

"ಗೊತ್ತೈತಿ" ಎಂದಳು ಅವಳು, ಸೆರಗು ಸಿಕ್ಕಿಸಿಕೊಳ್ಳುತ್ತ. "ಈ ಮನ್ಯಾಗ ಬರೋಬರಿ ಆರಕ್ಕ ನೀರು ಹೊಡ್ಯಾಕಿ ಮತ್ತ ಯಾರದಾರ?"

"ಮುಂಜಾನೆ ಯಾಕ ಅನ್ನಲಿಲ್ಲ?"

"ಅಂದಿದ್ರ ನೀ ಅಳಕೋಂತ ಕುಂದರತಿದ್ದಿ. ಬಸ್ಸು ಹೋಗತಿತ್ತು. ನೀ ನೀರು ಹೊಡಿ, ಗೋಣಿ ನಾ ಹಾಕ್ತೇನಿ."

ನಾನು ಪ್ರತಿ ಕಟ್ಟನ್ನೂ ಎತ್ತಿ, ತಿರುಗಿಸಿ, ಒಳಗಿರುವುದು ಎಲೆಯೇ ಎಂದು ನೋಡಿ ನೀರು ಚಿಮುಕಿಸಿದೆ. ಅವಳು ಹಿಂದಿನಿಂದ ಗೋಣಿ ಹೊದಿಸುತ್ತ ಬಂದಳು. ದಿನಾ ಕಾಲು ತಾಸಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಅಂದು ಮುಕ್ಕಾಲು ತಾಸು ಹಿಡಿಯಿತು. ಕೊನೆಯ ಕಟ್ಟು ಮುಗಿದ ಮೇಲೆ ತಂಬಿಗೆಯನ್ನು ಬೋರಲು ಹಾಕಿದೆ.